ಲೆಮ್ಮಿಯಲ್ಲಿ ಇನ್‌ಸ್ಟೆನ್ಸ್, ಕಮ್ಯುನಿಟಿ, ಫೆಡರೇಶನ್: ಯಾವುದು ಏನು?

ಪ್ರಶ್ನೆ:
ಲೆಮ್ಮಿಯಲ್ಲಿ ಹೊಸ ಖಾತೆ. ಈ ಪದಗಳಿಗೆ ಒಂದಕ್ಕೊಂದು ಏನು ಸಂಬಂಧ? ಬೇರೆ ಸರ್ವರ್‌ನ ಕಮ್ಯುನಿಟಿಯನ್ನು ಅಲ್ಲೇ ಹೋಗಿ ನೋಡಿದರೆ ಚರ್ಚೆ ಜೋರಾಗಿದೆ, ನನ್ನ ಸರ್ವರ್‌ನಿಂದ ನೋಡಿದರೆ ಹಳೇ ಪೋಸ್ಟುಗಳಿಗೆ ಕಾಮೆಂಟೇ ಇಲ್ಲ. ಯಾಕೆ?

ಉತ್ತರ 1:
ಲೆಮ್ಮಿ ರೆಡಿಟ್‌ನಂಥ ಚರ್ಚಾ ತಾಣ ನಡೆಸುವ ಒಂದು ಸಾಫ್ಟ್‌ವೇರ್. ಅದನ್ನು ಓಡಿಸುವ ಒಂದೊಂದು ಸರ್ವರ್ ಕೂಡ ಒಂದು ಇನ್‌ಸ್ಟೆನ್ಸ್. ನಿಮ್ಮ ಖಾತೆ ಇರುವುದು ಹೋಮ್ ಇನ್‌ಸ್ಟೆನ್ಸ್, ಲಾಗಿನ್ ಅಲ್ಲಿ ಮಾತ್ರ. ಒಂದು ವಿಷಯದ ಚರ್ಚೆಗೆ ಮೀಸಲಾದ ಜಾಗ ಕಮ್ಯುನಿಟಿ. ಅದೂ ಯಾವುದಾದರೂ ಒಂದು ಇನ್‌ಸ್ಟೆನ್ಸ್‌ಗೆ ಸೇರಿದ್ದು. ಹಾಗಾಗಿ ಎರಡು ಸರ್ವರ್‌ಗಳಲ್ಲಿ ಒಂದೇ ಹೆಸರಿನ ಕಮ್ಯುನಿಟಿ ಕಂಡರೆ ಅವು ಬೇರೆ ಬೇರೆ, ಮಾಡರೇಟರ್‌ಗಳೂ ಬೇರೆ. ವಿಳಾಸದಲ್ಲೇ ಗುರುತು ಹಿಡಿಯಬಹುದು: ಬಳಕೆದಾರರಿಗೆ @ಹೆಸರು@ಸರ್ವರ್, ಕಮ್ಯುನಿಟಿಗೆ !ಹೆಸರು@ಸರ್ವರ್.

ಈ ಸರ್ವರ್‌ಗಳು ಪೋಸ್ಟು, ಕಾಮೆಂಟು, ವೋಟುಗಳನ್ನು ಪರಸ್ಪರ ಕಳಿಸಿಕೊಳ್ಳುವುದೇ ಫೆಡರೇಶನ್. ಅದರ ಪ್ರೋಟೊಕಾಲ್ (ಸರ್ವರ್‌ಗಳು ಮಾತಾಡಿಕೊಳ್ಳುವ ನಿಯಮ) ಆಕ್ಟಿವಿಟಿಪಬ್, 2018ರ ಜನವರಿಯಿಂದ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಮಾನದಂಡ. ಟ್ವಿಟರ್‌ನಂಥ ಜಾಲ ಮಾಸ್ಟೊಡಾನ್ ಕೂಡ ಅದನ್ನೇ ಬಳಸುತ್ತದೆ, ಹಾಗಾಗಿ ಅಲ್ಲಿನವರೂ ಲೆಮ್ಮಿ ಪೋಸ್ಟಿಗೆ ಉತ್ತರಿಸಬಹುದು.

ಉತ್ತರ 2:
ಕಾಮೆಂಟ್ ಕಾಣದಿರುವುದಕ್ಕೆ ಕಾರಣ: ನಿಮ್ಮ ಸರ್ವರ್ ತೋರಿಸುವುದು ತನ್ನಲ್ಲಿರುವ ಪ್ರತಿಯನ್ನು. ನಿಮ್ಮ ಸರ್ವರ್‌ನ ಒಬ್ಬರಾದರೂ ಸಬ್‌ಸ್ಕ್ರೈಬ್ ಆದ ಮೇಲಷ್ಟೇ ಹೊಸದೆಲ್ಲ ಬರಲು ಶುರು. ಮೊದಲ ಚಂದಾದಾರರು ನೀವೇ ಆದರೆ ಇತ್ತೀಚಿನ ಕೆಲವು ಪೋಸ್ಟುಗಳು ಬರುತ್ತವೆ, ಅವುಗಳ ಹಳೇ ಕಾಮೆಂಟುಗಳು ಬರುವುದಿಲ್ಲ.

ಲಾಗಿನ್ ಆಗಿದ್ದು, ಸರ್ಚ್‌ನಲ್ಲಿ !ಹೆಸರು@ಸರ್ವರ್ ಅಂತ ಪೂರ್ತಿ ಹಾಕಿ. ಮೊದಲ ಸಲ ಏನೂ ಸಿಗದಿದ್ದರೆ ಕೆಲವು ಸೆಕೆಂಡು ಬಿಟ್ಟು ಮತ್ತೆ ಹುಡುಕಿ, ಸಿಕ್ಕ ಮೇಲೆ ಸಬ್‌ಸ್ಕ್ರೈಬ್ ಒತ್ತಿ. "ಪೆಂಡಿಂಗ್" ಅಂತಲೇ ಉಳಿದರೆ ಆ ಸರ್ವರ್‌ನಿಂದ ಒಪ್ಪಿಗೆ ಬಂದಿಲ್ಲ ಅಂತ. ರದ್ದು ಮಾಡಿ ಮತ್ತೆ ಒತ್ತಿ. ನಿರ್ದಿಷ್ಟ ಹಳೇ ಕಾಮೆಂಟ್ ಬೇಕಿದ್ದರೆ ಮೂಲ ಸರ್ವರ್‌ನಲ್ಲಿ ಅದರ ಪಕ್ಕದ ಬಣ್ಣಬಣ್ಣದ ಪಂಚಕೋನ ಐಕಾನ್‌ನ ಲಿಂಕ್ ಕಾಪಿ ಮಾಡಿ ನಿಮ್ಮ ಸರ್ಚ್‌ನಲ್ಲಿ ಹಾಕಿ, ಸರ್ವರ್ ಅದನ್ನು ತರಿಸಿಕೊಳ್ಳುತ್ತದೆ.

ಉತ್ತರ 3:
ಇಷ್ಟಾದರೂ ಸಿಗದಿದ್ದರೆ ಡಿಫೆಡರೇಶನ್ ಆಗಿದೆಯೇ ನೋಡಿ. ಅಂದರೆ ಒಂದು ಸರ್ವರ್‌ನ ಅಡ್ಮಿನ್ ಇನ್ನೊಂದು ಸರ್ವರನ್ನೇ ತಡೆಯುವುದು. ನೀವು ಒಬ್ಬರನ್ನು ಬ್ಲಾಕ್ ಮಾಡಿದರೆ ಪರಿಣಾಮ ನಿಮಗಷ್ಟೇ, ಇದು ಇಡೀ ಸರ್ವರ್‌ಗೆ. ಪುಟದ ಕೆಳಗಿನ "ಇನ್‌ಸ್ಟೆನ್ಸಸ್" ಕೊಂಡಿಯಲ್ಲಿ ತಡೆದವುಗಳ ಪಟ್ಟಿ ಇರುತ್ತದೆ. ಎರಡೂ ಕಡೆ ನೋಡಿ, ತಡೆ ಅವರದ್ದೂ ಆಗಿರಬಹುದು.

ಹೆಚ್ಚು ಜನ ಎಡವುವುದು ಇಲ್ಲಿ: ತಡೆಗೆ ಮುಂಚೆ ಬಂದ ಹಳೇ ಪ್ರತಿ ನಿಮ್ಮಲ್ಲಿ ಉಳಿದಿರುತ್ತದೆ. ಅಲ್ಲಿ ಬರೆದದ್ದು ನಿಮ್ಮ ಸರ್ವರ್‌ನವರಿಗೆ ಮಾತ್ರ ಕಾಣುತ್ತದೆ, ಮೂಲ ಕಮ್ಯುನಿಟಿಗೆ ತಲುಪುವುದೇ ಇಲ್ಲ.