ಅಗ್ರಿಮೆಂಟ್ ಮುಗಿದ ಮೇಲೂ 8 ತಿಂಗಳು ಕಸ ಎತ್ತಿದೀವಿ, ದುಡ್ಡು ಕೊಡಲ್ಲ ಅಂತಿದಾರೆ. ಕೋರ್ಟಿಗೆ ಹೋದ್ರೆ ಸಿಗುತ್ತಾ?

ಟಿಪ್ಪರ್ ಮಾಲೀಕ, ಶಿವಮೊಗ್ಗ ಜಿಲ್ಲೆ

ಎಲ್ರಿಗೂ ನಮಸ್ಕಾರ. ನಮ್ದು ಮಲೆನಾಡ ಕಡೆ ಸಣ್ಣ ಪಟ್ಟಣ, ಊರ ಹೆಸರು ಬೇಡ. ಪೌರಸಂಸ್ಥೆ ಟೆಂಡರಲ್ಲಿ ಮನೆಮನೆ ಕಸ ಎತ್ತೋ ಕೆಲಸ ಹಿಡ್ದಿದ್ದೆ, ಎರಡು ಟಿಪ್ಪರು, ಡ್ರೈವರ್ ಲೋಡರ್ ಸೇರಿ ಆರು ಜನ. ಅಗ್ರಿಮೆಂಟ್ 2024 ಮಾರ್ಚ್ 31ಕ್ಕೆ ಮುಗೀತು. ಆಗ ಲೋಕಸಭಾ ಚುನಾವಣೆ ನೀತಿ ಸಂಹಿತೆ ಇತ್ತಲ್ಲ, ಹೊಸ ಟೆಂಡರ್ ಕರೆಯಕ್ಕಾಗಲ್ಲ ಗಾಡಿ ನಿಲ್ಲಿಸ್ಬೇಡಿ ಆಮೇಲೆ ಆರ್ಡರ್ ಮಾಡ್ಕೊಡ್ತೀವಿ ಅಂತ ಬಾಯಲ್ಲೇ ಹೇಳಿದ್ರು, ನಾನೂ ನಂಬ್ದೆ, ಅಷ್ಟೊತ್ತಿಗೆ ಮಳೆ ಹಿಡ್ಕೊಳ್ತು, ಆ ಮಳೇಲಿ ನೀರು ಸೋರೋ ಕಸ ಹೊತ್ಕೊಂಡು ನಮ್ ಹುಡುಗ್ರು ಒಂದು ದಿನಾನೂ ತಪ್ಪಿಸ್ದೆ ನವೆಂಬರ್ ತನಕ ಮಾಡಿದಾರೆ. ಈಗ ಅಗ್ರಿಮೆಂಟ್ ಇಲ್ದಿರೋ ಅವಧಿಗೆ ಬಿಲ್ ಮಾಡಿದ್ರೆ ಆಡಿಟ್ ಆಕ್ಷೇಪಣೆ ಬರುತ್ತೆ ಅಂತಾರೆ. 14 ಲಕ್ಷ ಬಾಕಿ. ಹುಡುಗ್ರ ಸಂಬಳ ಹೆಂಡ್ತಿ ಒಡವೆ ಅಡ ಇಟ್ಟು ಕೊಟ್ಟಿದೀನಿ. ದುಡ್ಡು ಕೊಡ್ಸಿ ಅಂತ ನೇರ ಹೈಕೋರ್ಟಿಗೆ ರಿಟ್ ಅರ್ಜಿ ಹಾಕು ಅಂತಾರೆ ಕೆಲವ್ರು. ದಾರಿ ಇದ್ರೆ ಹೇಳಿ.

ಕೋರ್ಟ್ ಕಟ್ಟೆ

ದುಡ್ಡು ಮುಳುಗಿಲ್ಲ ಅಣ್ಣ. 1872ರ ಕರಾರು ಕಾಯ್ದೆ 70ನೇ ಸೆಕ್ಷನ್ ಇರೋದೇ ಇಂಥದ್ದಕ್ಕೆ. ಪುಕ್ಕಟೆ ಅಂತ ಮಾಡದೆ ಇರೋ ಕೆಲಸದ ಲಾಭ ಇನ್ನೊಬ್ರು ಪಡ್ಕೊಂಡಿದ್ರೆ ಅವ್ರು ಪರಿಹಾರ ಕೊಡ್ಬೇಕು. ಬಂಗಾಳದಲ್ಲಿ ಸರ್ಕಾರದ ಇಲಾಖೆಗೆ ಕ್ರಮಬದ್ಧ ಕರಾರಿಲ್ದೆ ಕಟ್ಟಡ ಕಟ್ಟಿಕೊಟ್ಟ ಬಿ.ಕೆ. ಮೊಂಡಲ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಒಂದೇ ವಿಷ್ಯ, ಹಳೇ ಅಗ್ರಿಮೆಂಟ್ ರೇಟೇ ಸಿಗುತ್ತೆ ಅಂತಿಲ್ಲ, ನ್ಯಾಯವಾದ ಬೆಲೆ ಎಷ್ಟು ಅಂತ ನೀವು ತೋರಿಸ್ಬೇಕು.

ರಿಟ್ ವಿಷ್ಯ: ಬಾಕಿ ಇದೆ ಅಂತ ಅವ್ರೇ ಬರವಣಿಗೇಲಿ ಒಪ್ಕೊಂಡಿದ್ರೆ ಸರಿ. ಲೆಕ್ಕದಲ್ಲೇ ತಕರಾರಿದ್ರೆ ಸಿವಿಲ್ ಕೋರ್ಟಿಗೆ ಹೋಗಿ ಅಂತಾರೆ, ಇಲ್ಲಾ ಇವ್ರ ಅರ್ಜಿ ಪರಿಗಣಿಸಿ ಅಂತ ಪೌರಸಂಸ್ಥೆಗೆ ಆದೇಶ ಬರುತ್ತೆ ಅಷ್ಟೆ, ಬೆಂಗಳೂರಿಗೆ ಓಡಾಡಿದ್ದೇ ಬಂತು. 3 ಲಕ್ಷಕ್ಕೆ ಮೇಲಿರೋದ್ರಿಂದ ಇದನ್ನ ಕಮರ್ಷಿಯಲ್ ದಾವೆ (ವ್ಯಾಪಾರ ವ್ಯವಹಾರದ ಕೇಸು) ಅಂತಲೇ ಹಾಕ್ಬೇಕಾಗ್ಬಹುದು, ಅದಕ್ಕೆ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆ ಕಡ್ಡಾಯ. ದಾವೆ ಹಾಕೋಕೆ ಇರೋ ಅವಧಿ 3 ವರ್ಷ, ಏಪ್ರಿಲ್ ತಿಂಗಳ ಕೆಲಸದ್ದು ಮೊದ್ಲು ಮುಗಿಯುತ್ತೆ, ನಾಳೆ ನಾಡಿದ್ದು ಅನ್ಕೊಂಡು ಕೂರ್ಬೇಡಿ.

ನಿವೃತ್ತ ಲೆಕ್ಕಿಗ

ನಾನು ಪೌರಸಂಸ್ಥೆ ಅಕೌಂಟ್ಸಲ್ಲೇ ಇದ್ದವನು, ಒಳಗಿನ ಕಥೆ ಹೇಳ್ತೀನಿ. ಸಹಿ ಹಾಕೋನಿಗೆ ಇರೋ ಭಯ ನಿಜ, ಆಕ್ಷೇಪಣೆ ಬಂದ್ರೆ ಅವನ ಸಂಬಳದಿಂದ್ಲೇ ವಸೂಲಿ ಅಂತಾರೆ. ಆದ್ರೆ ಅದಕ್ಕೆ ನಿಮ್ಮ ಹುಡುಗ್ರ ಬೆವರು ಬಲಿ ಆಗ್ಬೇಕಾ? ಘಟನೋತ್ತರ ಅನುಮೋದನೆ, ಅಂದ್ರೆ ಕೆಲಸ ಆದ್ಮೇಲೆ ಕೊಡೋ ಒಪ್ಪಿಗೆ, ಕೊಡಿ ಅಂತ ಲಿಖಿತ ಅರ್ಜಿ ಹಾಕಿ, ಪ್ರತಿ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೂ ಕೊಡಿ, ಸೀಲು ಬಿದ್ದ ಸ್ವೀಕೃತಿ ಇಲ್ದೆ ಹೊರಗೆ ಬರ್ಬೇಡಿ. ಜೊತೆಗೆ ಮಾಹಿತಿ ಹಕ್ಕಲ್ಲಿ ಗಾಡಿ ಲಾಗ್ ಬುಕ್ಕು, ಆ ಕಡತದ ಟಿಪ್ಪಣಿ ಹಾಳೆ ಕೇಳಿ, 30 ದಿನದಲ್ಲಿ ಕೊಡ್ಬೇಕು. ಟಿಪ್ಪಣೀಲಿ ಯಾರಾದ್ರೂ "ಮುಂದುವರಿಸಲು ಸೂಚಿಸಿದೆ" ಅಂತ ಬರೆದಿದ್ರೆ ಕೇಸ್ ಅರ್ಧ ಗೆದ್ದಂಗೆ. ಇನ್ನೊಂದು, ನಿಮ್ಮ 26ಎಎಸ್ (ನಿಮ್ಮ ಹೆಸರಲ್ಲಿ ಕಟ್ಟಿರೋ ಆದಾಯ ತೆರಿಗೆಯ ಪಟ್ಟಿ) ತೆಗೆದು ನೋಡಿ. ಬಿಲ್ಲನ್ನ ಲೆಕ್ಕಕ್ಕೆ ತಗೊಂಡು ಟಿಡಿಎಸ್, ಅಂದ್ರೆ ಬಿಲ್ಲಲ್ಲಿ ಮೊದ್ಲೇ ಹಿಡ್ಕೊಳ್ಳೋ ತೆರಿಗೆ, ಕಟ್ಟಿದ್ರೆ ಅಲ್ಲಿ ಕಾಣುತ್ತೆ, ಬಿಲ್ ಒಪ್ಕೊಂಡಿದ್ರು ಅನ್ನೋಕೆ ಅದೂ ಒಂದು ಪುರಾವೆ.

ಭದ್ರಾ ಕಾಲುವೆ

ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡ್ಸೋ ನೋಂದಣಿ) ಇದೆಯಾ ಬ್ರದರ್? 2006ರ ಎಂಎಸ್ಎಂಇ (ಸಣ್ಣ ಉದ್ದಿಮೆಗಳ) ಕಾಯ್ದೇಲಿ ದುಡ್ಡು ಕೊಡೋದು 45 ದಿನ ದಾಟಿದ್ರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಇದೆ. ನಾನು ಆ ಆಸೇಲಿ ಅರ್ಜಿ ಹಾಕಿ ಒಂದು ವರ್ಷ ಕಳ್ಕೊಂಡೆ, ಯಾಕಂದ್ರೆ ನಂದು ಕೆಲಸ ಹಿಡಿದ ಮೇಲೆ ಮಾಡ್ಸಿದ ರಿಜಿಸ್ಟ್ರೇಷನ್, ಹಿಂದಿನದಕ್ಕೆ ಅನ್ವಯ ಆಗಲ್ಲ ಅಂತ 2021ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿದ್ರು. ತಾರೀಖು ಮೊದ್ಲು ನೋಡ್ಕೊಳಿ.

ಟಿಪ್ಪರ್ ಮಾಲೀಕ, ಶಿವಮೊಗ್ಗ ಜಿಲ್ಲೆ

ತುಂಬಾ ಉಪಕಾರ ಆಯ್ತು. ಉದ್ಯಮ್ ನಂದೂ ಆಮೇಲೆ ಮಾಡ್ಸಿದ್ದೇ, ಆ ದಾರಿ ಬಿಟ್ಟೆ. ಬೆಳಿಗ್ಗೆ ಹಳೇ ಫೋನ್ ಚಾರ್ಜಿಗೆ ಹಾಕಿ ನೋಡಿದೆ, ಜುಲೈ ತಿಂಗಳ ವಾಟ್ಸಾಪಲ್ಲಿ ಆಫೀಸಿಂದ "ನಾಳೆ ಸಂತೆ, ಎರಡು ಟ್ರಿಪ್ ಜಾಸ್ತಿ ಮಾಡಿ" ಅಂತ ಇದೆ, ಅಂಥವು ಸುಮಾರಿವೆ. ಇದು ಕೋರ್ಟಲ್ಲಿ ನಡಿಯುತ್ತಾ?

ಕೋರ್ಟ್ ಕಟ್ಟೆ

ನಡಿಯುತ್ತೆ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಮೆಸೇಜು ಆ ಫೋನಿಂದ್ಲೇ ತೆಗೆದಿದ್ದು ಅನ್ನೋ ಸರ್ಟಿಫಿಕೇಟ್ ಜೊತೆ ಹಾಕ್ಬೇಕು. ಆ ಫೋನ್ ಮಾರ್ಬೇಡಿ, ರೀಸೆಟ್ ಮಾಡ್ಬೇಡಿ, ಮಕ್ಕಳ ಕೈಗೂ ಕೊಡ್ಬೇಡಿ.

ಟಿಪ್ಪರ್ ಮಾಲೀಕ, ಶಿವಮೊಗ್ಗ ಜಿಲ್ಲೆ

ಬೀರುವಲ್ಲಿಟ್ಟು ಬೀಗ ಹಾಕಿದೀನಿ. 26ಎಎಸ್ಸೂ ತೆಗೆಸಿದೆ, ಏಪ್ರಿಲ್ ಮೇ ಎರಡು ತಿಂಗಳದ್ದು ಟಿಡಿಎಸ್ ಕಟ್ಟಿದಾರೆ ಸರ್, ದುಡ್ಡು ಮಾತ್ರ ನನ್ನ ಖಾತೆಗೆ ಬಂದಿಲ್ಲ. ಸೋಮವಾರ ವಕೀಲರ ಹತ್ರ ಹೋಗ್ತಿದೀನಿ.