ತಾಳ್ಮೆ ಇಲ್ಲ ಎನ್ನುವ ಅಮ್ಮನಿಗೆ ವಿಚ್ಛೇದನದ ಸುದ್ದಿಯನ್ನು ಹೇಗೆ ಹೇಳಲಿ?

ನನಗೆ 36 ವರ್ಷ. ಮದುವೆಯಾಗಿ ಒಂಬತ್ತು ವರ್ಷವಾಯಿತು, ಏಳು ವರ್ಷದ ಮಗಳಿದ್ದಾಳೆ. ನಾನು ಮತ್ತು ನನ್ನ ಗಂಡ ಒಂದು ವರ್ಷ ಮಾತಾಡಿ, ಅತ್ತು, ಆಪ್ತಸಮಾಲೋಚಕರ ಬಳಿಗೂ ಹೋಗಿ ಬಂದು, ಕೊನೆಗೆ ಬೇರೆಯಾಗುವುದೆಂದು ತೀರ್ಮಾನಿಸಿದ್ದೇವೆ. ಆ ತೀರ್ಮಾನದ ಬಗ್ಗೆ ಸಲಹೆ ಕೇಳುತ್ತಿಲ್ಲ. ಅಮ್ಮನಿಗೆ ಹೇಳುವುದೇ ನನಗೆ ಕಷ್ಟವಾಗಿದೆ. ಅಮ್ಮನಿಗೆ 66, ಅಪ್ಪನಿಗೆ 72. ಅಜ್ಜಿಗೆ 88, ಅವರೂ ಅದೇ ಮನೆಯಲ್ಲಿದ್ದಾರೆ. ಬಂಧುಗಳಲ್ಲಿ ಯಾರದಾದರೂ ಮದುವೆ ಮುರಿದರೆ ಅಮ್ಮ ಆಡುವ ಮಾತು ಒಂದೇ: ‘ನಾವು ಸಹಿಸಿಕೊಳ್ಳಲಿಲ್ಲವೇ? ಈಗಿನವರಿಗೆ ತಾಳ್ಮೆ ಇಲ್ಲ.’ ಆ ಮಾತು ನನ್ನ ಮೇಲೆ ಬೀಳುವ ದಿನವನ್ನು ನೆನೆದರೆ ನಿದ್ದೆ ಬರುವುದಿಲ್ಲ. ಮಗಳಿಗೆ ಎರಡೂ ಕಡೆಯ ಅಜ್ಜ ಅಜ್ಜಿಯರು ತಪ್ಪಿಹೋಗಬಾರದು. ಈ ದಾರಿಯಲ್ಲಿ ನಡೆದವರು ದಯವಿಟ್ಟು ಬರೆಯಿರಿ.

ಹನ್ನೊಂದು ವರ್ಷದ ಹಿಂದೆ ಬೇರೆಯಾದವಳು

ನಾನು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. ಅಮ್ಮನ ಎದುರು ಕಾರಣಗಳ ಪಟ್ಟಿಯನ್ನೇ ಹಿಡಿದು ಕುಳಿತೆ. ನನ್ನ ಗಂಡ ನನ್ನೊಡನೆ ಮಾತಾಡುವುದಿಲ್ಲ. ಹಣದ ವಿಷಯವನ್ನೆಲ್ಲ ಒಬ್ಬರೇ ನಿರ್ಧರಿಸುತ್ತಾರೆ. ನನಗೆ ಜ್ವರ ಬಂದರೂ ಕೇಳುವುದಿಲ್ಲ. ಒಂದೊಂದನ್ನೂ ಬಿಡಿಸಿ ಹೇಳಿದೆ. ಅಮ್ಮನ ಮುಖ ಬಿಗಿಯುತ್ತಾ ಹೋಯಿತು. ಅವರಿಗೆ ಅರ್ಥವಾಗುತ್ತಿಲ್ಲ ಎಂದುಕೊಂಡು ನಾನು ಇನ್ನಷ್ಟು ಉದಾಹರಣೆ ಕೊಟ್ಟೆ. ಅವರಿಗೆ ಎಲ್ಲವೂ ಅರ್ಥವಾಗಿತ್ತು. ಅಷ್ಟೂ ಅಮ್ಮನೇ ಬಾಳಿದ ಬದುಕು. ‘ಇಂಥ ಗಂಡನ ಜೊತೆ ಯಾರಾದರೂ ಇರುತ್ತಾರೆಯೇ?’ ಎಂದು ನಾನು ಕೇಳಿದಾಗ, ನಲವತ್ತು ವರ್ಷ ಇದ್ದವರು ನನ್ನೆದುರೇ ಕುಳಿತಿದ್ದರು.

ಆಮೇಲೆ ಎರಡು ವರ್ಷ ನಮ್ಮಿಬ್ಬರ ನಡುವೆ ಆರೋಗ್ಯ, ಹವಾಮಾನ ಬಿಟ್ಟರೆ ಬೇರೆ ಮಾತಿರಲಿಲ್ಲ.

ಅಮ್ಮನಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದಾಗ ಮತ್ತೆ ಮಾತು ಹುಟ್ಟಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವರ ಪಕ್ಕದಲ್ಲಿ ಕುಳಿತು, ಯಾವ ಉದ್ದೇಶವೂ ಇಲ್ಲದೆ, ‘ನಾನು ಹುಟ್ಟಿದ ವರ್ಷ ನಿನ್ನ ದಿನ ಹೇಗಿರುತ್ತಿತ್ತು?’ ಎಂದು ಕೇಳಿದೆ. ತಾಸುಗಟ್ಟಲೆ ಹೇಳಿದರು. ಕೊನೆಗೆ ತಾವಾಗಿಯೇ ಆ ವಿಷಯಕ್ಕೆ ಬಂದರು: ‘ಇರಬೇಕೋ ಬಿಡಬೇಕೋ ಎಂಬ ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ. ಹೊಳೆಯದ ಪ್ರಶ್ನೆಗೆ ಉತ್ತರ ಕೊಡಲಿಲ್ಲ ಎಂದು ನನ್ನನ್ನು ದೂರಬೇಡ.’ ನಾನು ಎಂದೂ ದೂರಿರಲಿಲ್ಲ ಎಂದು ಹೇಳಹೊರಟೆ, ಹೇಳಲು ಬಾಯಿ ಬರಲಿಲ್ಲ. ದೂರಿದ್ದೆ.

ಆದ್ದರಿಂದ ನಿಮಗೆ ಹೇಳುವುದು ಇಷ್ಟು. ಕಾರಣಗಳನ್ನು ನ್ಯಾಯಾಲಯಕ್ಕೆ, ಆಪ್ತಸಮಾಲೋಚಕರಿಗೆ ಇಟ್ಟುಕೊಳ್ಳಿ. ಅಮ್ಮನಿಗೆ ತೀರ್ಮಾನವನ್ನು ಹೇಳಿ, ‘ನಿಮ್ಮ ಕಾಲಕ್ಕಿಂತ ನಮ್ಮ ಕಾಲ ಮೇಲು’ ಎನ್ನುವ ಧ್ವನಿ ಬಾರದಂತೆ ನೋಡಿಕೊಳ್ಳಿ. ‘ತಾಳ್ಮೆ ಇಲ್ಲ’ ಎಂದರೆ ಎದುರುತ್ತರ ಕೊಡಬೇಡಿ. ಆ ಮಾತಿನಲ್ಲಿ ಅವರು ತಮ್ಮ ಆಯುಷ್ಯವನ್ನು ಕಾಪಾಡಿಕೊಳ್ಳುತ್ತಿರುತ್ತಾರೆ.

ಮಗನ ವಿಚ್ಛೇದನ ಕಂಡ ತಾಯಿ, 70 ವರ್ಷ

ಮಗಳೇ, ನಿನ್ನ ಅಮ್ಮನ ಜಾಗದಲ್ಲಿ ಕುಳಿತು ಬರೆಯುತ್ತಿದ್ದೇನೆ. ನನ್ನ ಮಗ ಹೇಳಿದಾಗ ಮೊದಲು ಬಂದದ್ದು ಜನರೇನೆನ್ನುತ್ತಾರೆ ಎಂಬ ಯೋಚನೆ. ಸುಳ್ಳು ಹೇಳುವುದಿಲ್ಲ. ಅದರ ಬೆನ್ನಿಗೇ ಮೊಮ್ಮಗನನ್ನು ಇನ್ನು ನೋಡುತ್ತೇನೋ ಇಲ್ಲವೋ ಎಂಬ ಭಯ ಬಂತು, ಮತ್ತೆ ಹೋಗಲೇ ಇಲ್ಲ. ಮೂರು ತಿಂಗಳು ಅದನ್ನು ಯಾರೂ ನನಗೆ ಹೇಳಲಿಲ್ಲ, ಕೇಳಲು ನನಗೂ ಧೈರ್ಯವಿರಲಿಲ್ಲ. ಆ ಭಯಕ್ಕೆ ನಾನು ಆಡಿದ ಕೆಟ್ಟ ಮಾತುಗಳೆಲ್ಲ ಸೊಸೆಯ ಮೇಲೆ ಬಿದ್ದವು. ನೀನು ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಡು: ಮಗು ಯಾವ ದಿನ ಎಲ್ಲಿರುತ್ತದೆ, ನಿಮ್ಮ ಮನೆಗೆ ಯಾವಾಗ ಬರುತ್ತದೆ ಎಂದು.

ಇನ್ನೊಂದು. ಮಗನ ಮೂವರು ಸ್ನೇಹಿತರಿಗೆ ನನಗಿಂತ ಮೊದಲೇ ಗೊತ್ತಿತ್ತು. ವಿಚ್ಛೇದನವನ್ನು ಒಪ್ಪಿಕೊಂಡೆ, ಅದನ್ನು ಮಾತ್ರ ಒಪ್ಪಿಕೊಳ್ಳಲು ಬಹಳ ಕಾಲ ಬೇಕಾಯಿತು. ಫೋನಿನಲ್ಲಿ ಹೇಳಬೇಡ. ಅಪ್ಪ ಅಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳು. ಇಲ್ಲವಾದರೆ ಒಬ್ಬರು ಇನ್ನೊಬ್ಬರಿಗೆ ಹೇಳುವ ಹೊರೆ ಹೊರಬೇಕಾಗುತ್ತದೆ.

ಕೌಟುಂಬಿಕ ಮಧ್ಯಸ್ಥಿಕೆದಾರ, ಇಪ್ಪತ್ತು ವರ್ಷದ ಅನುಭವ

‘ಈಗಿನವರಿಗೆ ತಾಳ್ಮೆ ಇಲ್ಲ’ ಎಂಬ ಮಾತನ್ನು ನಾನು ಪ್ರತಿ ವಾರ ಕೇಳುತ್ತೇನೆ. ಅದರ ಹಿಂದೆ ಒಂದು ಮರೆವು ಇದೆ. ಹಿಂದೆ ಬಾಗಿಲೇ ಇಲ್ಲದ ಕೋಣೆಗಳು ಬಹಳ ಇದ್ದವು. ಇಟಲಿಯಲ್ಲಿ ವಿಚ್ಛೇದನಕ್ಕೆ ಕಾನೂನು ಬಂದದ್ದು 1970ರಲ್ಲಿ. ಅದನ್ನು ಕಿತ್ತುಹಾಕಬೇಕೆಂದು 1974ರಲ್ಲಿ ಜನಮತ ನಡೆದಾಗ ಸುಮಾರು ಶೇ 59ರಷ್ಟು ಮಂದಿ ಉಳಿಯಲಿ ಎಂದರು. ಐರ್ಲೆಂಡ್‌ನಲ್ಲಿ ವಿಚ್ಛೇದನಕ್ಕೆ ಅವಕಾಶ ಕೊಡುವ 1995ರ ಜನಮತ ಗೆದ್ದದ್ದು ಒಂಬತ್ತು ಸಾವಿರ ಚಿಲ್ಲರೆ ಮತಗಳಿಂದ. ಕ್ಯಾಲಿಫೋರ್ನಿಯಾದಲ್ಲಿ 1970ರ ತನಕ ಬೇರೆಯಾಗಲು ಸಂಗಾತಿಯ ತಪ್ಪನ್ನು ಸಾಬೀತುಪಡಿಸಬೇಕಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಯಾರ ಮೇಲೂ ತಪ್ಪು ಹೊರಿಸದೆ ಅರ್ಜಿ ಹಾಕುವ ವ್ಯವಸ್ಥೆ ಬಂದದ್ದು 2022ರ ಏಪ್ರಿಲ್‌ನಲ್ಲಿ, ಮೊನ್ನೆ ಮೊನ್ನೆ.

ಬಾಗಿಲು ತೆರೆದರೆ ಏನಾಗುತ್ತದೆ? ಅರ್ಥಶಾಸ್ತ್ರಜ್ಞರಾದ ಬೆಟ್ಸಿ ಸ್ಟೀವನ್‌ಸನ್ ಮತ್ತು ಜಸ್ಟಿನ್ ವುಲ್ಫರ್ಸ್ ಅಮೆರಿಕದ ರಾಜ್ಯಗಳನ್ನು ಹೋಲಿಸಿ ನೋಡಿದರು. ಒಬ್ಬರೇ ಕೇಳಿದರೂ ವಿಚ್ಛೇದನ ಸಿಗುವ ಕಾನೂನು ಬಂದ ಕಡೆ ಹೆಂಗಸರ ಆತ್ಮಹತ್ಯೆ ಶೇ 8ರಿಂದ 16ರಷ್ಟು ಕಡಿಮೆಯಾಗಿತ್ತು, ಮನೆಯೊಳಗಿನ ಹಿಂಸೆಯೂ ಇಳಿದಿತ್ತು. ಮನೆ ಬಿಟ್ಟು ಹೋದವರಿಗಷ್ಟೇ ಅಲ್ಲ, ಉಳಿದವರಿಗೂ ತೆರೆದ ಬಾಗಿಲು ಕಾವಲಾಗುತ್ತದೆ ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ದುಡುಕು ಎಳೆಯರ ಗುಣ ಎನ್ನುವ ವಾದವೂ ನಿಲ್ಲುವುದಿಲ್ಲ. ಅಮೆರಿಕದಲ್ಲಿ ವಿಚ್ಛೇದನದ ಪ್ರಮಾಣ 1980ರ ಸುಮಾರಿಗೆ ತುದಿ ಮುಟ್ಟಿ ಆಮೇಲೆ ಇಳಿಯಿತು. ಆದರೆ 50 ದಾಟಿದವರಲ್ಲಿ 1990ರಿಂದ 2010ರ ನಡುವೆ ಅದು ಎರಡು ಪಟ್ಟಾಯಿತು.

ಇಷ್ಟೆಲ್ಲ ಬರೆದು ಒಂದು ಬೇಡಿಕೆ: ಈ ಅಂಕಿಗಳನ್ನು ನಿಮ್ಮ ಅಮ್ಮನ ಮುಂದೆ ಸುರಿಯಬೇಡಿ. ಇವು ನಿಮ್ಮ ಎದೆ ಹಗುರವಾಗಲು. ನಿಮಗಾಗಿ ಇನ್ನೊಂದು: 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಮನೋವೈದ್ಯರು ಬದುಕಿನ ಆಘಾತಗಳಿಗೆ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73. ಜಗಳವಿಲ್ಲದೆ ಬೇರೆಯಾದರೂ ದೇಹ ದಣಿಯುತ್ತದೆ. ಮನೆ, ಕೆಲಸ, ಮಗುವಿನ ಶಾಲೆ ಎಲ್ಲವನ್ನೂ ಒಂದೇ ತಿಂಗಳಲ್ಲಿ ಬದಲಿಸಬೇಡಿ.

ಮಗಳ ವಿಷಯ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇವಿಸ್ ಹೆದರಿಂಗ್ಟನ್ ಸುಮಾರು 1,400 ಕುಟುಂಬಗಳನ್ನು ದಶಕಗಳ ಕಾಲ ಗಮನಿಸಿದರು. ವಿಚ್ಛೇದಿತರ ಮಕ್ಕಳಲ್ಲಿ ಸುಮಾರು ಶೇ 25 ಮಂದಿಗೆ ಗಂಭೀರ ತೊಂದರೆ ಉಳಿಯಿತು, ಒಟ್ಟಿಗಿದ್ದವರ ಮಕ್ಕಳಲ್ಲಿ ಶೇ 10 ಮಂದಿಗೆ. ಅಪಾಯ ಹೆಚ್ಚೆಂಬುದು ನಿಜ, ಹೆಚ್ಚಿನ ಮಕ್ಕಳು ಚೇತರಿಸಿಕೊಂಡರು ಎಂಬುದೂ ನಿಜ. ನನ್ನ ಕೋಣೆಯಲ್ಲಿ ಮಕ್ಕಳನ್ನು ಹೆಚ್ಚು ನೋಯಿಸುವುದು ದೂತರಾಗುವ ಕೆಲಸ: ‘ನಿನ್ನ ಅಪ್ಪನಿಗೆ ಹೇಳು’, ‘ಅಮ್ಮನ ಮನೆಯಲ್ಲಿ ಯಾರಿದ್ದರು?’ ಎಂಬಂಥವು. ಒಪ್ಪಂದವನ್ನು ಬರೆಯುವಾಗ ನಾಲ್ವರು ಅಜ್ಜ ಅಜ್ಜಿಯರ ದಿನಗಳನ್ನೂ ಬರೆಯಿರಿ. ‘ಆಗಾಗ’ ಎಂದು ಬರೆದದ್ದು ಎರಡು ವರ್ಷದಲ್ಲಿ ಅಳಿಸಿಹೋಗುತ್ತದೆ. ‘ತಿಂಗಳ ಎರಡನೆಯ ಶನಿವಾರ’ ಎಂದದ್ದು ಉಳಿಯುತ್ತದೆ.

ಎಂಟನೆಯ ವಯಸ್ಸಿನಲ್ಲಿ ಅಪ್ಪ ಅಮ್ಮ ಬೇರೆಯಾದವನು

ಈಗ ನನಗೆ 29. ಎರಡು ಮನೆ ಇದ್ದದ್ದು ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಜ್ಜಿಯ ಮನೆ. ಅಲ್ಲಿ ಅಪ್ಪನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ‘ಅವನು’ ಎನ್ನುತ್ತಿದ್ದರು. ಗೋಡೆಯ ಮೇಲಿದ್ದ ಫೋಟೊ ಒಂದು ದಿನ ಇರಲಿಲ್ಲ, ಮೊಳೆ ಮಾತ್ರ ಇತ್ತು. ಅಪ್ಪನ ಜೊತೆ ಈಜು ಕಲಿತದ್ದನ್ನು ಅಜ್ಜಿಗೆ ಹೇಳಬಾರದೆಂದು ಎಂಟು ವರ್ಷದವನಿಗೆ ತಾನಾಗಿಯೇ ತಿಳಿಯಿತು. ಅಜ್ಜಿ ನನ್ನನ್ನು ಪ್ರಾಣದಂತೆ ಪ್ರೀತಿಸುತ್ತಿದ್ದರು, ಈಗಲೂ ನೆನೆದರೆ ಕಣ್ಣು ತುಂಬುತ್ತದೆ. ಆದರೂ ನನ್ನ ಅರ್ಧ ಬದುಕನ್ನು ಅವರಿಂದ ಬಚ್ಚಿಟ್ಟುಕೊಂಡೇ ಬೆಳೆದೆ. ನಿಮ್ಮ ತಾಯಿಯವರಲ್ಲಿ ಇದೊಂದನ್ನು ಕೇಳಿಕೊಳ್ಳಿ: ಮಗುವಿನ ಎದುರು ಅವಳ ಅಪ್ಪನನ್ನು ಹೆಸರು ಹಿಡಿದು, ಸಹಜವಾಗಿ ಕರೆಯಲಿ.

ಬೇರೆಯಾಗಲು ಹೊರಟು ಉಳಿದವನು

ತೀರ್ಮಾನದ ಬಗ್ಗೆ ಬೇಡ ಎಂದಿದ್ದೀರಿ, ಮೀರುವುದಿಲ್ಲ. ನಮ್ಮ ತಂದೆಯವರು ಹೇಳಿದ ಒಂದು ಮಾತು ಮಾತ್ರ: ‘ನಿನ್ನನ್ನು ತಡೆಯುತ್ತಿಲ್ಲ. ನಾನು ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಸಮಯ ಕೊಡು.’ ನಿಮಗೆ ಒಂದು ವರ್ಷ ಸಿಕ್ಕಿತು. ಅವರಿಗೆ ಒಂದು ಸಂಜೆಯಲ್ಲಿ ಅಷ್ಟೂ ಆಗಬೇಕೆಂದು ಬಯಸಬೇಡಿ.

ಪ್ರಶ್ನೆ ಕೇಳಿದವಳು

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಅಮ್ಮನಿಗೆಂದು ನಾಲ್ಕು ಪುಟ ಕಾರಣ ಬರೆದಿಟ್ಟಿದ್ದೆ, ಅದನ್ನು ಒಳಗಿಟ್ಟೆ. ಭಾನುವಾರ ನಾವಿಬ್ಬರೂ ಒಟ್ಟಿಗೆ ಹೋಗುತ್ತೇವೆ, ಬರಲು ನನ್ನ ಗಂಡ ಒಪ್ಪಿದ್ದಾರೆ. ಮಗಳು ಎಂದಿನಂತೆ ಪ್ರತಿ ಶುಕ್ರವಾರ ಸಂಜೆ ಅಮ್ಮನ ಮನೆಗೆ ಬರುತ್ತಾಳೆ ಎಂಬುದನ್ನೇ ಮೊದಲು ಹೇಳುತ್ತೇವೆ. ಅಜ್ಜಿಯನ್ನು ಆ ಹೊತ್ತಿಗೆ ಒಳಗೆ ಮಲಗಿಸಲೇ, ಕೂರಿಸಿಕೊಳ್ಳಲೇ?

ಹನ್ನೊಂದು ವರ್ಷದ ಹಿಂದೆ ಬೇರೆಯಾದವಳು

ಕೂರಿಸಿಕೊಳ್ಳಿ. ಕಿವಿ ಸರಿಯಾಗಿ ಕೇಳಿಸದಿದ್ದರೆ ಪಕ್ಕದಲ್ಲೇ ಕುಳಿತು, ಕೈ ಹಿಡಿದುಕೊಂಡು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ.