ಜನ ಬಂದು ಓದುವಂತೆ ಬರೆಯೋದು ಹೇಗೆ? ಸಂಪಾದಕಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕರು: ಆನ್‌ಲೈನ್ ಬರಹಗಳನ್ನು ತಿದ್ದುವುದೇ ವೃತ್ತಿಯಾಗಿರುವ ಸಂಪಾದಕಿಯೊಬ್ಬರು ಇವತ್ತು ನಮ್ಮ ಜೊತೆ ಇದ್ದಾರೆ. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಿ, ದಯವಿಟ್ಟು.

ಮಳೆಹನಿ: ನಮಸ್ಕಾರ ಮೇಡಂ. ಎಷ್ಟು ಪದ ಬರೆದರೆ ಗೂಗಲ್‌ನಲ್ಲಿ ಮೇಲೆ ಬರುತ್ತದೆ?

ಸಂಪಾದಕಿ: ನಮಸ್ಕಾರ. ಅಂಥ ಲೆಕ್ಕ ಇಲ್ಲ. ಪದ ಎಣಿಸಿ ಸ್ಥಾನ ಕೊಡುವುದಿಲ್ಲ ಅಂತ ಗೂಗಲ್‌ನವರೇ ಹೇಳಿದ್ದಾರೆ. ಓದುಗರು ಹುಡುಕಿ ಬಂದ ಪ್ರಶ್ನೆಗೆ ಉತ್ತರ ಸಿಕ್ಕಲ್ಲಿ ಬರಹ ಮುಗಿಸಿ.

ಪುಟ್ಟಪುಟ: ಚಿತ್ರಗಳ ಅಳತೆ ಎಷ್ಟಿರಬೇಕು?

ಹೊಸದಾರಿ: ಇದು ಎಲ್ಲ ಗುಂಪುಗಳಲ್ಲೂ ಬರುತ್ತಿದೆ, ನೋಡಿ: ‘ಗೋಲ್ಡ್‌ಫಿಶ್ ಗಮನ 9 ಸೆಕೆಂಡ್, ಮನುಷ್ಯರದು 8 ಸೆಕೆಂಡ್. ಮುಖ್ಯ ಪದವನ್ನು ಲೇಖನದಲ್ಲಿ 50 ಸಲ ಬಳಸಿ. ಕೀವರ್ಡ್ ಟ್ಯಾಗ್ ತುಂಬಿಸಿ. ಗ್ಯಾರಂಟಿ ಫಲ.’

ಸಂಪಾದಕಿ: ಇದನ್ನು ಇನ್ನು ಯಾರಿಗೂ ಕಳಿಸಬೇಡಿ. 8 ಸೆಕೆಂಡ್ ಮಾತು 2015ರಲ್ಲಿ ಮೈಕ್ರೋಸಾಫ್ಟ್ ಕೆನಡಾದ ಒಂದು ವರದಿಯಿಂದ ಹರಡಿತು. ಅದರ ಹಿಂದೆ ಗಟ್ಟಿ ಸಂಶೋಧನೆ ಯಾರಿಗೂ ಸಿಕ್ಕಿಲ್ಲ. ಕೀವರ್ಡ್ ಟ್ಯಾಗ್ ಅಂದರೆ ಪುಟದ ಕೋಡ್‌ನಲ್ಲಿ ಓದುಗರಿಗೆ ಕಾಣದಂತೆ ಬರೆಯುವ ಮುಖ್ಯ ಪದಗಳ ಪಟ್ಟಿ. ರ‍್ಯಾಂಕಿಂಗ್‌ಗೆ ಅದನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಒಂದೇ ಪದ ತುರುಕುವುದನ್ನು ಅವರು ಸ್ಪ್ಯಾಮ್ ಅಂತಲೇ ಎಣಿಸುತ್ತಾರೆ. ಇದನ್ನು ನಂಬಿದವರ ಒಳ್ಳೆಯ ಬರಹ ಹಾಳಾಗುತ್ತದೆ, ಅಷ್ಟೇ.

ಅಮ್ಮನಪುಟ: ಮಕ್ಕಳ ಆರೈಕೆ ಬಗ್ಗೆ ಬರೆಯುತ್ತೇನೆ. ‘ಮಗುವಿನ ಜ್ವರಕ್ಕೆ ಈ ಒಂದು ಕೆಲಸ ಸಾಕು’ ಅಂತ ತಲೆಬರಹ ಬದಲಿಸಿದೆ. ಓದುಗರು ಒಮ್ಮೆಲೇ ಜಾಸ್ತಿಯಾದರು. ಆದರೆ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಒಳಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವ ಬಗ್ಗೆ ಇದೆ. ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು ಅನ್ನೋದು ಕೊನೆಯ ಪ್ಯಾರಾದಲ್ಲಿದೆ. ಓದುಗರನ್ನು ಹಿಡಿದು ನಿಲ್ಲಿಸೋದು ಹೇಗೆ?

ಸಂಪಾದಕಿ: ಉಳಿದ ಪ್ರಶ್ನೆಗಳು ಸ್ವಲ್ಪ ಕಾಯಲಿ. ಇದು ನನಗೆ ನಿಜಕ್ಕೂ ಆತಂಕದ ವಿಷಯ.

ಈ ಬರಹವನ್ನು ಯಾರು, ಯಾವಾಗ ಓದುತ್ತಾರೆ ಯೋಚಿಸಿ. ಮಧ್ಯರಾತ್ರಿ. ಮಗು ತೊಡೆಯ ಮೇಲೆ. ಒಂದೇ ಕೈಯಲ್ಲಿ ಫೋನ್. ಅವರು ‘ಆ ಒಂದು ಕೆಲಸ’ ಹುಡುಕಿ, ಸಿಕ್ಕ ಕೂಡಲೇ ಎದ್ದು ಹೋಗುತ್ತಾರೆ. ಅರ್ಧ ನಿಮಿಷಕ್ಕೆ ಕಾರಣ ಅದೇ. ನಿಮ್ಮ ಕೊನೆಯ ಪ್ಯಾರಾ ಅವರ ಕಣ್ಣಿಗೇ ಬೀಳುವುದಿಲ್ಲ. ಜನ ವೆಬ್ ಪುಟಗಳನ್ನು ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡಿದ ಯಾಕೋಬ್ ನೀಲ್ಸನ್ 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 79% ಜನ ಹೊಸ ಪುಟವನ್ನು ಸುಮ್ನೆ ಕಣ್ಣಾಡಿಸಿದರು. ಪದ ಪದ ಓದಿದವರು 16% ಮಾತ್ರ. ಆರಾಮಾಗಿ ಕೂತವರ ಕಥೆಯೇ ಇದು. ಹೆದರಿದವರು ಇನ್ನೆಷ್ಟು ಓದುತ್ತಾರೆ?

ಇನ್ನೂ ಕೆಟ್ಟದ್ದು, ಹಂಚಿಕೊಂಡಾಗ ಕಾಣೋದು ತಲೆಬರಹ ಮಾತ್ರ. ಬಹಳ ಜನ ಲಿಂಕ್ ಒತ್ತುವುದೇ ಇಲ್ಲ. ಅವರ ಪಾಲಿಗೆ ನಿಮ್ಮ ಸಲಹೆ ‘ಸಾಕು’ ಅನ್ನೋದೇ.

ತಲೆಬರಹ ಹೀಗಿರಲಿ: ‘ಮಗುವಿಗೆ ಜ್ವರ: ಯಾವಾಗ ವೈದ್ಯರ ಹತ್ತಿರ ಓಡಬೇಕು, ಮನೆಯಲ್ಲಿ ಏನು ಮಾಡಬಹುದು’. ಮೊದಲ ಸಾಲು: ‘3 ತಿಂಗಳೊಳಗಿನ ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಓದುತ್ತಾ ಕೂರಬೇಡಿ, ಈಗಲೇ ವೈದ್ಯರಿಗೆ ತೋರಿಸಿ.’ ಉಳಿದ ಅಪಾಯದ ಲಕ್ಷಣಗಳನ್ನು ಮಕ್ಕಳ ತಜ್ಞರಿಂದ ಬರೆಸಿ, ಅದರ ಕೆಳಗೇ ಹಾಕಿ. ಒದ್ದೆ ಬಟ್ಟೆ ವಿಷಯ ಅವರು ಒಪ್ಪಿದರೆ ಮಾತ್ರ ಇರಲಿ. ಯಾರು ಪರಿಶೀಲಿಸಿದರು, ಯಾವ ದಿನ ಅಂತ ನಮೂದಿಸಿ.

ಪುಟದ ವಿಳಾಸ ಬದಲಿಸಬೇಡಿ. ಹಳೆಯ ಲಿಂಕ್ ಒತ್ತಿದವರು ತಿದ್ದಿದ ಪುಟಕ್ಕೇ ಬರಬೇಕು. ಫೇಸ್‌ಬುಕ್ ಹಳೆಯ ತಲೆಬರಹ ನೆನಪಿಟ್ಟುಕೊಂಡಿರುತ್ತದೆ. ಅವರ ಶೇರಿಂಗ್ ಡೀಬಗರ್ ಅನ್ನೋ ಪುಟದಲ್ಲಿ ನಿಮ್ಮ ವಿಳಾಸ ಹಾಕಿ, ಫೇಸ್‌ಬುಕ್ ಹೊಸ ತಲೆಬರಹವನ್ನು ಮತ್ತೆ ಓದಿಕೊಳ್ಳುವಂತೆ ಮಾಡಿ. ವಾಟ್ಸಾಪ್‌ನಲ್ಲಿ ಈಗಾಗಲೇ ಹೋದದ್ದನ್ನು ನೀವು ತಿದ್ದಲಾರಿರಿ. ಅದಕ್ಕೇ ಬೇಗ ಮಾಡಿ ಅನ್ನುತ್ತಿದ್ದೇನೆ.

ಚುರುಕುಪೆನ್: ಮೇಡಂ, ಆ ತಲೆಬರಹಕ್ಕೆ ಯಾರೂ ಬರಲ್ಲ. ಕುತೂಹಲ ಇರಬೇಕು, ಅಲ್ವಾ?

ಹಳೆಓದುಗ: ಕುತೂಹಲ ಬೇರೆ, ಸುಳ್ಳು ಬೇರೆ. ನಿಮ್ಮಂಥವರಿಂದಲೇ ನಾವು ಲಿಂಕ್ ಒತ್ತೋದು ಬಿಟ್ಟದ್ದು.

ಚುರುಕುಪೆನ್: ನನ್ನ ಬರಹ ಸಾವಿರಾರು ಜನ ನೋಡುತ್ತಾರೆ. ನಿಮ್ಮದನ್ನು?

ಹಳೆಓದುಗ: ನೋಡ್ತಾರೆ, ಓದಲ್ಲ. 2014ರಲ್ಲೇ ಫೇಸ್‌ಬುಕ್ ಇಂಥದ್ದನ್ನು ಕೆಳಗೆ ತಳ್ಳುತ್ತೇವೆ ಅಂದಿತ್ತು. ಒತ್ತಿದವರು ತಕ್ಷಣ ವಾಪಸ್ ಬಂದರೆ ಬರಹದಲ್ಲಿ ಹುರುಳಿಲ್ಲ ಅಂತ ಲೆಕ್ಕ.

ಚುರುಕುಪೆನ್: ಪಾಠ ಬೇಡ. ಒಂದು ಬರಹ ಬರೆದು ತೋರಿಸಿ.

ಸಂಪಾದಕಿ: ಇಬ್ಬರೂ ನಿಲ್ಲಿಸಿ. ತಲೆಬರಹ ಕುತೂಹಲ ಹುಟ್ಟಿಸಲಿ, ಒಳಗೆ ಅದಕ್ಕೆ ಪೂರ್ತಿ ಉತ್ತರ ಇರಲಿ. ಆರೋಗ್ಯದ ವಿಷಯದಲ್ಲಿ ಮಾತ್ರ ಈ ಆಟ ಬೇಡ.

ಎಲೆಮರೆ: ಓದುಗರಿಗೆ ವಾರಕ್ಕೊಂದು ಇಮೇಲ್ ಕಳಿಸಿದರೆ ಉಪಯೋಗ ಇದೆಯಾ?

ಬೆಳಗುಬರಹ: ಎಷ್ಟು ಪದ ಬರೆಯಬೇಕು ಅಂತ ಹೇಳಲಿಲ್ಲವಲ್ಲ?

ಸಂಪಾದಕಿ: ಮೊದಲ ಉತ್ತರ ಓದಿ.

ಹೊಸದಾರಿ: ಇದಂತೂ ನಿಜ ಇರಬೇಕು: ‘ಎಐನಿಂದ ದಿನಕ್ಕೆ 30 ಲೇಖನ ಹಾಕಿ, ಪದ ಬದಲಿಸಿದರೆ ಗೂಗಲ್‌ಗೆ ಗೊತ್ತಾಗಲ್ಲ.’

ಸಂಪಾದಕಿ: ಮತ್ತೆ ಫಾರ್ವರ್ಡ್. ರ‍್ಯಾಂಕಿಂಗ್‌ಗಾಗಿ ರಾಶಿ ರಾಶಿ ಪುಟ ಹುಟ್ಟಿಸುವುದರ ವಿರುದ್ಧ ಗೂಗಲ್ 2024ರ ಮಾರ್ಚ್‌ನಲ್ಲಿ ನಿಯಮವನ್ನೇ ತಂದಿತು. ಮನುಷ್ಯರು ಬರೆದರೂ ಯಂತ್ರ ಬರೆದರೂ ಅದೇ ನಿಯಮ. ಬೇಡ ಅಂದೆನಲ್ಲ.

ಹೊಸದಾರಿ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ಹಳೆಓದುಗ: ನೀವು ಕೇಳಲಿಲ್ಲ, ಅಂಟಿಸಿದಿರಿ.

ನಿರ್ವಾಹಕರು: ಇನ್ನು ಫಾರ್ವರ್ಡ್ ಬಂದರೆ ತೆಗೆದುಹಾಕುತ್ತೇನೆ.

ಅಮ್ಮನಪುಟ: ತಲೆಬರಹ, ಮೊದಲ ಸಾಲು ಎರಡೂ ಬದಲಿಸಿದೆ. ಮಕ್ಕಳ ತಜ್ಞರು ಸಿಗೋದು ಮುಂದಿನ ವಾರ. ಅಲ್ಲಿವರೆಗೆ ಉಳಿದದ್ದು ಹಾಗೇ ಇರಲಾ? ಜನ ಬರುತ್ತಲೇ ಇದ್ದಾರೆ.

ಸಂಪಾದಕಿ: ಬೇಡ. ಜನ ಬರುತ್ತಿರುವುದರಿಂದಲೇ ಬೇಡ. ಆ ಮೊದಲ ಸಾಲು ಉಳಿಸಿ. ಅದರ ಕೆಳಗೆ ‘ಈ ಬರಹವನ್ನು ಮಕ್ಕಳ ತಜ್ಞರು ಪರಿಶೀಲಿಸುತ್ತಿದ್ದಾರೆ, ಮಗುವಿನ ಬಗ್ಗೆ ಅನುಮಾನ ಇದ್ದರೆ ವೈದ್ಯರನ್ನು ಕೇಳಿ’ ಅಂತ ಹಾಕಿ. ಮಿಕ್ಕಿದ್ದನ್ನು ಈಗಲೇ ತೆಗೆಯಿರಿ. ತೆಗೆದ ಮೇಲೆ ಲಿಂಕ್ ಕಳಿಸಿ, ನಾನೂ ಒಮ್ಮೆ ನೋಡುತ್ತೇನೆ.